ಮಲ ಕಟ್ಟಿದ ಬೆಕ್ಕು ಊಟ ಬಿಟ್ಟಾಗ

ಪಶುವೈದ್ಯರ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರೇ, ನಮ್ಮ ಮನೆಯ ಗಂಡು ಬೆಕ್ಕು ಬೆಳ್ಳಿಗೆ ಒಂಬತ್ತು ವರ್ಷ. ಆಪರೇಷನ್ ಮಾಡಿಸಿದ್ದೇವೆ, ತೂಕ ಆರು ಕಿಲೋ ಹತ್ತಿರ ಇದೆ. ನಾಲ್ಕು ದಿನದಿಂದ ಟ್ರೇಯಲ್ಲಿ ಕೂತು ತಿಣುಕುತ್ತದೆ, ಏನೂ ಬರುವುದಿಲ್ಲ. ಒಮ್ಮೆ ಮಾತ್ರ ಆಡಿನ ಹಿಕ್ಕೆಯಂಥ ಎರಡು ಒಣ ಉಂಡೆ ಬಿದ್ದವು. ನಿನ್ನೆಯಿಂದ ತಟ್ಟೆ ಮೂಸಿ ನೋಡಿ ಹೊರಟುಹೋಗುತ್ತದೆ. ಇವತ್ತು ಬೆಳಿಗ್ಗೆ ನೊರೆ ನೊರೆಯಾಗಿ ವಾಂತಿ ಮಾಡಿತು. ಹರಳೆಣ್ಣೆ ಕುಡಿಸು ಎಂದು ಅತ್ತೆ ಹೇಳುತ್ತಾರೆ. ಮೆಡಿಕಲ್ ಶಾಪಿನವರು ಎನಿಮಾ ಇದೆ, ಒಯ್ಯಿರಿ ಎಂದರು. ಹೊಟ್ಟೆಗೆ ಏನಾದರೂ ಹೋಗಲಿ ಎಂದು ಸಿರಿಂಜಿನಲ್ಲಿ ಹಾಲು ಹಾಕಿದೆ, ಎಲ್ಲವನ್ನೂ ಉಗುಳಿತು. ಅದಕ್ಕೆ ಹೇಗೆ ತಿನ್ನಿಸಲಿ?
— ಗೃಹಿಣಿ, ದಾವಣಗೆರೆ

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಫೋನ್ ಮಾಡಿ ನಾನು ಕೇಳಿದ ಮೊದಲ ಪ್ರಶ್ನೆ ನಿಮಗೆ ವಿಚಿತ್ರ ಅನ್ನಿಸಿರಬೇಕು: ಬೆಳ್ಳಿ ಮೂತ್ರ ಮಾಡುತ್ತಿದೆಯೇ? ಟ್ರೇಯ ಮರಳಿನಲ್ಲಿ ಒದ್ದೆ ಉಂಡೆ ಇದೆ ಎಂದು ನೀವು ನೋಡಿ ಹೇಳಿದ ಮೇಲೆ ನನಗೆ ಸಮಾಧಾನವಾಯಿತು. ಬೇರೆ ಓದುಗರಿಗಾಗಿ ಕಾರಣ ಹೇಳಬೇಕು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳಿನ ಪುಡಿ, ಲೋಳೆ ಸೇರಿ ಅದು ಕಟ್ಟಿಕೊಂಡಾಗಲೂ ಬೆಕ್ಕು ಹೀಗೆಯೇ ಕೂತು ತಿಣುಕುತ್ತದೆ, ಹೀಗೆಯೇ ಊಟ ಬಿಡುತ್ತದೆ, ವಾಂತಿಯನ್ನೂ ಮಾಡುತ್ತದೆ. ಮನೆಯವರು ಅದನ್ನು ಮಲಬದ್ಧತೆ ಎಂದುಕೊಂಡು ಮನೆಮದ್ದು ಮಾಡುತ್ತಾ ಕೂರುತ್ತಾರೆ. ಮೂತ್ರ ಪೂರ್ತಿ ನಿಂತರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಎರಡು ಮೂರು ದಿನದಲ್ಲೇ ಹೃದಯ ನಿಲ್ಲಬಹುದು. ಆದ್ದರಿಂದ ಗಂಡು ಬೆಕ್ಕು ತಿಣುಕುತ್ತಿದ್ದು, ಮೂತ್ರ ಹೋಗಿದೆಯೋ ಇಲ್ಲವೋ ಎಂಬ ಸಂಶಯ ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯೇ ಆಸ್ಪತ್ರೆಗೆ ಹೊರಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೇಗೆ ತಿನ್ನಿಸಲಿ ಎಂದು ಕೇಳಿದ್ದೀರಿ. ಒಳಗೆ ಕಟ್ಟಿರುವುದು ಹೋಗುವ ತನಕ ಬೆಳ್ಳಿ ತಿನ್ನುವುದಿಲ್ಲ, ತಿನ್ನಿಸುವ ಪ್ರಯತ್ನವನ್ನೂ ಮಾಡಬಾರದು. ಹಸಿವು ಸತ್ತಿರುವುದು ಹಟದಿಂದಲ್ಲ. ದೊಡ್ಡ ಕರುಳಿನ ಕೆಲಸ ಮಲದಲ್ಲಿರುವ ನೀರನ್ನು ಹೀರಿಕೊಳ್ಳುವುದು. ಮಲ ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತದೋ ಅಷ್ಟು ಒಣಗುತ್ತದೆ, ಒಣಗಿದಷ್ಟೂ ಮುಂದೆ ಸರಿಯುವುದು ಕಷ್ಟ. ಹಿಂದಿನಿಂದ ಬಂದದ್ದು ಅದರ ಮೇಲೆ ಸೇರಿಕೊಂಡು ಕರುಳು ಹಿಗ್ಗುತ್ತದೆ. ಹಿಗ್ಗಿದ ಕರುಳಿನಿಂದ ಮಿದುಳಿಗೆ ಹೋಗುವ ಸಂದೇಶ ಓಕರಿಕೆಯದು. ನೀವು ಕಂಡ ನೊರೆವಾಂತಿಗೂ ಅದೇ ಕಾರಣ. ಓಕರಿಕೆ ಇರುವಾಗ ಬಾಯಿಗೆ ತುರುಕಿದ ಆಹಾರವನ್ನು ಬೆಕ್ಕು ಮರೆಯುವುದಿಲ್ಲ. ಗುಣವಾದ ಮೇಲೂ ಅದೇ ಆಹಾರ ಕಂಡರೆ ಮುಖ ತಿರುಗಿಸುತ್ತದೆ. ಸಿರಿಂಜಿನಲ್ಲಿ ಹಾಕಿದ ಹಾಲು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಬೇರೆ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಆದ್ದರಿಂದ ಹಾಲನ್ನು ಸದ್ಯಕ್ಕೆ ಬಿಟ್ಟೇಬಿಡಿ.

ಹಾಗೆಂದು ತಿನ್ನದ ಬೆಕ್ಕನ್ನು ನೋಡುತ್ತಾ ಕೂರುವಂತೆಯೂ ಇಲ್ಲ. ಇದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ನಾಯಿ ಸಾಕಿ ಅಭ್ಯಾಸ ಇರುವವರಿಗೆ ಇದು ಗೊತ್ತಿರುವುದಿಲ್ಲ. ನಾಯಿ ಎರಡು ದಿನ ಊಟ ಬಿಟ್ಟು ಮೂರನೆಯ ದಿನ ತಾನಾಗಿ ತಟ್ಟೆಗೆ ಬರಬಹುದು. ಬೆಕ್ಕಿನ ದೇಹ, ಅದರಲ್ಲೂ ಬೆಳ್ಳಿಯಂಥ ದಪ್ಪ ಬೆಕ್ಕಿನ ದೇಹ, ಉಪವಾಸವನ್ನು ತಡೆಯುವುದಿಲ್ಲ. ಊಟ ನಿಂತರೆ ಮೈಯ ಕೊಬ್ಬು ಕರಗಿ ಪಿತ್ತಜನಕಾಂಗಕ್ಕೆ ಬಂದು ತುಂಬುತ್ತದೆ. ಅಷ್ಟನ್ನು ಬಳಸಿ ಮುಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ಎರಡು ಮೂರು ದಿನದ ಉಪವಾಸದಲ್ಲೇ ಇದು ಶುರುವಾಗಬಹುದು. ಇದಕ್ಕೆ ಫ್ಯಾಟಿ ಲಿವರ್ ಎನ್ನುತ್ತೇವೆ. ಒಸಡು, ಕಣ್ಣಿನ ಬಿಳಿಭಾಗ, ಕಿವಿಯ ಒಳಚರ್ಮ ಹಳದಿಯಾದರೆ ಅದು ಆಗಲೇ ಮುಂದುವರಿದಿದೆ ಎಂದರ್ಥ. ಆಮೇಲೆ ಕತ್ತಿನ ಬಳಿ ಕೊಳವೆ ಹಾಕಿ ವಾರಗಟ್ಟಲೆ ಉಣಿಸಬೇಕಾದೀತು. ಬೆಕ್ಕು ಎಷ್ಟು ದಿನದಿಂದ ಹೊರಗೆ ಹೋಗಿಲ್ಲ ಎಂದು ಎಲ್ಲರೂ ಲೆಕ್ಕ ಇಡುತ್ತಾರೆ. ಎಷ್ಟು ಗಂಟೆಯಿಂದ ತಿಂದಿಲ್ಲ ಎಂಬ ಲೆಕ್ಕವನ್ನು ಅದಕ್ಕಿಂತ ಜೋಪಾನವಾಗಿ ಇಡಿ. ಮಲ ಎರಡು ದಿನ ದಾಟಿ ನಿಂತಿದ್ದರೆ ವೈದ್ಯರಿಗೆ ಫೋನ್ ಮಾಡಿ; ಇಪ್ಪತ್ನಾಲ್ಕು ಗಂಟೆ ಏನೂ ತಿನ್ನದಿದ್ದರೆ ಕರೆದುಕೊಂಡೇ ಹೋಗಿ.

ಹರಳೆಣ್ಣೆಯ ಬಗ್ಗೆ ಅತ್ತೆಯವರ ಕಾಳಜಿ ನನಗೆ ಅರ್ಥವಾಗುತ್ತದೆ. ಒಂದು ಕಾಲಕ್ಕೆ ಮನೆಮಕ್ಕಳಿಗೆಲ್ಲ ಅದೇ ಮದ್ದು. ಬೆಕ್ಕಿಗೆ ಬೇಡ. ಕಲ್ಲಾದ ಮಲ ದಾರಿ ಕಟ್ಟಿರುವಾಗ ಕರುಳನ್ನು ಬಲವಾಗಿ ಹಿಂಡುವ ಮದ್ದು ಕೊಟ್ಟರೆ ನೋವು ಹೆಚ್ಚುತ್ತದೆಯೇ ಹೊರತು ದಾರಿ ಬಿಡುವುದಿಲ್ಲ. ಲಿಕ್ವಿಡ್ ಪ್ಯಾರಾಫಿನ್ ಇರುವ ಬಿಳಿ ಸಿರಪ್‌ಗಳನ್ನೂ ಬಾಯಿಗೆ ಹಾಕಬೇಡಿ. ಆ ಎಣ್ಣೆಗೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಬೆಕ್ಕು ಕೆಮ್ಮುವ ಮೊದಲೇ ಅದು ಶ್ವಾಸಕೋಶ ಸೇರಿ ನ್ಯುಮೋನಿಯಾ ತರಬಹುದು. ಎಲ್ಲಕ್ಕಿಂತ ದೊಡ್ಡ ಅಪಾಯ ಮೆಡಿಕಲ್ ಶಾಪಿನ ಎನಿಮಾ. ಮನುಷ್ಯರಿಗೆಂದು ಮಾರುವ ಎನಿಮಾಗಳಲ್ಲಿ ಹಲವು ಸೋಡಿಯಂ ಫಾಸ್ಫೇಟ್ ದ್ರಾವಣ. ಅದು ಬೆಕ್ಕಿನ ಕರುಳಿನಿಂದ ರಕ್ತಕ್ಕೆ ಸೇರಿದರೆ ಫಾಸ್ಫೇಟ್ ಏರಿ ಕ್ಯಾಲ್ಸಿಯಂ ಕುಸಿಯುತ್ತದೆ, ಮೈ ನಡುಗಿ ಫಿಟ್ಸ್ ಬಂದು ಬೆಕ್ಕು ಸಾಯಬಹುದು. ಹೊಟ್ಟೆನೋವಿಗೆಂದು ಪ್ಯಾರಾಸಿಟಮಾಲ್ ಕೊಟ್ಟವರನ್ನೂ ನಾನು ಕಂಡಿದ್ದೇನೆ. ಬೆಕ್ಕಿಗೆ ಅದು ಚೂರು ಸಾಕು, ವಿಷ.

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಹೊಟ್ಟೆ ಮುಟ್ಟಿ ನೋಡುತ್ತಾರೆ. ಗಟ್ಟಿ ಮಲ ತುಂಬಿದ ಕರುಳು ಕೈಗೆ ಸಿಗುತ್ತದೆ. ಎಕ್ಸ್‌ರೇ ತೆಗೆಸಿದರೆ ಎಷ್ಟು ತುಂಬಿದೆ, ಒಳಗೆ ಮೂಳೆಚೂರು ಇದೆಯೇ, ಹಿಂದೆಂದೋ ಬಿದ್ದು ಸೊಂಟದ ಮೂಳೆ ಮುರಿದು ದಾರಿ ಕಿರಿದಾಗಿದೆಯೇ ಎಂದು ತಿಳಿಯುತ್ತದೆ. ಮಹಡಿಯಿಂದ ಬಿದ್ದ, ಬೈಕಿಗೆ ಸಿಕ್ಕ ಬೆಕ್ಕುಗಳಲ್ಲಿ ಇದು ಸಾಮಾನ್ಯ; ಹಳೆಯ ಪೆಟ್ಟು ಇದ್ದರೆ ಮರೆಯದೆ ಹೇಳಿ. ಆಮೇಲೆ ಡ್ರಿಪ್ ಹಾಕಿ ಮೈಗೆ ನೀರು ತುಂಬಿಸುತ್ತಾರೆ. ಇದನ್ನು ಬಿಟ್ಟು ನೇರ ಎನಿಮಾಕ್ಕೆ ಹೋದರೆ ಫಲ ಕಡಿಮೆ, ಒಣಗಿದ ದೇಹ ಕೊಟ್ಟ ನೀರನ್ನೂ ಹೀರಿಬಿಡುತ್ತದೆ. ಉಗುರುಬೆಚ್ಚಗಿನ ನೀರಿನ ಎನಿಮಾವನ್ನು ನಿಧಾನವಾಗಿ ಕೊಡುತ್ತಾರೆ, ಬಹಳ ಗಟ್ಟಿಯಾಗಿದ್ದರೆ ಅರಿವಳಿಕೆ ಕೊಟ್ಟು ತೆಗೆಯುತ್ತಾರೆ. ಓಕರಿಕೆಗೆ ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳಿ, ಹಸಿವು ಮರಳಲು ಅದು ದೊಡ್ಡ ಸಹಾಯ. ಹಸಿವು ಕೆರಳಿಸುವ ಮಾತ್ರೆಯೂ ಇದೆ, ಮಿರ್ಟಾಜಪೈನ್ ಎಂದು; ಅದನ್ನು ವೈದ್ಯರೇ ಕೊಡಬೇಕು, ಅದೂ ಕರುಳು ಖಾಲಿಯಾದ ಮೇಲೆ.

ಈಗ ಕರುಳು ಖಾಲಿಯಾದ ಮೇಲಿನ ಊಟದ ಮಾತು. ಬೆಕ್ಕು ತಿನ್ನುವುದು ಮೂಗಿನಿಂದ ಶುರುವಾಗುತ್ತದೆ. ವಾಸನೆ ಬರದ ಊಟ ಅದಕ್ಕೆ ಊಟವೇ ಅಲ್ಲ. ಫ್ರಿಜ್ಜಿನಿಂದ ತೆಗೆದ ಆಹಾರವನ್ನು ಹಾಗೆಯೇ ಇಡಬೇಡಿ. ಬೆಕ್ಕಿನ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್, ಆಹಾರವೂ ಸುಮಾರು ಅಷ್ಟೇ ಬೆಚ್ಚಗಿದ್ದರೆ ವಾಸನೆ ಚೆನ್ನಾಗಿ ಏಳುತ್ತದೆ. ಕೋಳಿಯ ಎದೆಮಾಂಸವನ್ನೋ ಮುಳ್ಳು ಬಿಡಿಸಿದ ಮೀನನ್ನೋ ಬರೀ ನೀರಿನಲ್ಲಿ ಬೇಯಿಸಿ, ಹಿಸುಕಿ, ಬೆಂದ ನೀರನ್ನು ಅದರ ಮೇಲೆ ಸುರಿದು ಕೊಡಿ. ಉಪ್ಪು, ಅರಿಶಿನ, ಖಾರ ಯಾವುದೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣವನ್ನೇ ಒಡೆಯುತ್ತವೆ, ಆದ್ದರಿಂದ ಮನೆಯ ಸಾರಿನಲ್ಲಿ ಬೆಂದ ತುಂಡನ್ನು ತೊಳೆದು ಕೊಡುವುದೂ ಬೇಡ. ಅಗಲ ತಟ್ಟೆಯಲ್ಲಿ ಒಂದು ಚಮಚದಷ್ಟು ಹಾಕಿ, ಮಿಕ್ಸಿ, ಟಿವಿ ಸದ್ದಿಲ್ಲದ ಕಡೆ ಇಟ್ಟು ನೀವು ಪಕ್ಕಕ್ಕೆ ಸರಿದುಬಿಡಿ. ಬೆರಳಿಗೆ ಒಂದಿಷ್ಟು ಹಚ್ಚಿ ಮೂಗಿನ ಬಳಿ ಹಿಡಿದರೆ ಕೆಲವು ಬೆಕ್ಕು ನೆಕ್ಕಿ ಶುರುಮಾಡುತ್ತವೆ. ಹತ್ತು ಹದಿನೈದು ನಿಮಿಷದಲ್ಲಿ ಮುಟ್ಟದಿದ್ದರೆ ತಟ್ಟೆ ತೆಗೆದು ಎರಡು ಗಂಟೆ ಬಿಟ್ಟು ಹೊಸದು ಇಡಿ. ದಿನವಿಡೀ ಎದುರಿಗೇ ಇದ್ದ ಊಟದ ಮೇಲೆ ಇನ್ನಷ್ಟು ಹೇಸಿಗೆ ಹುಟ್ಟುತ್ತದೆ.

ಎಷ್ಟು ತಿನ್ನಬೇಕು? ಐದು ಕಿಲೋ ಇರಬೇಕಾದ ಬೆಕ್ಕಿಗೆ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 230 ಕ್ಯಾಲರಿ ಬೇಕು. ನೂರು ಗ್ರಾಂ ಬೆಂದ ಕೋಳಿ ಎದೆಮಾಂಸದಲ್ಲಿ ಸುಮಾರು 165 ಇರುತ್ತದೆ. ಮೊದಲ ದಿನ ಆ 230 ಕ್ಯಾಲರಿಯ ಕಾಲುಭಾಗ ಹೋದರೂ ಸಾಕು, ಮೂರು ನಾಲ್ಕು ದಿನದಲ್ಲಿ ಪೂರ್ತಿಗೆ ತನ್ನಿ. ಮತ್ತೆ ಒಂದು ದಿನ ಪೂರ್ತಿ ಮುಟ್ಟದಿದ್ದರೆ ವೈದ್ಯರ ಬಳಿ ಹೋಗಿ. ಕೋಳಿ, ಮೀನು ಮಾತ್ರ ತಿಂಗಳುಗಟ್ಟಲೆ ಕೊಡುವ ಊಟವಲ್ಲ. ಹಸಿವು ಕುದುರಿದ ಮೇಲೆ ಬೆಕ್ಕಿಗೆಂದೇ ತಯಾರಾದ ಸಮತೋಲ ಆಹಾರಕ್ಕೆ ಬನ್ನಿ. ನಮ್ಮಲ್ಲಿ ಬೆಕ್ಕಿಗೆ ಹಾಲನ್ನ, ಮೊಸರನ್ನ ಹಾಕಿ ಬೆಳೆಸುವ ಮನೆಗಳು ಇವತ್ತಿಗೂ ಬಹಳ. ಬೆಕ್ಕು ಮಾಂಸಾಹಾರಿಯಾಗಿಯೇ ಹುಟ್ಟಿದ ಪ್ರಾಣಿ. ಮಾಂಸದಲ್ಲಿ ಸಿಗುವ ಟಾರಿನ್ ತಪ್ಪಿದರೆ ವರ್ಷಗಳಲ್ಲಿ ಕಣ್ಣೂ ಹೃದಯವೂ ಕೆಡುತ್ತವೆ.

ಬೆಳ್ಳಿಗೆ ಇದು ಮರುಕಳಿಸದಿರಲು ಮುಖ್ಯವಾಗಿ ಬೇಕಾದದ್ದು ನೀರು. ಬೆಕ್ಕಿನ ಪೂರ್ವಜರು ಒಣಪ್ರದೇಶದ ಕಾಡುಬೆಕ್ಕುಗಳು. ಅವು ಬೇಟೆಯ ಮಾಂಸದಲ್ಲಿದ್ದ ನೀರಿನಿಂದಲೇ ಬದುಕುತ್ತಿದ್ದವು, ಆದ್ದರಿಂದ ಬೆಕ್ಕಿಗೆ ಬಾಯಾರಿಕೆಯೇ ಕಡಿಮೆ. ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50 ಮಿಲಿಲೀಟರ್ ನೀರು ಬೇಕು, ಊಟದಲ್ಲಿರುವುದೂ ಸೇರಿ. ಡ್ರೈ ಫುಡ್ಡಿನಲ್ಲಿ ನೀರಿನ ಅಂಶ ನೂರಕ್ಕೆ ಹತ್ತರಷ್ಟು, ಪೌಚಿನ ಮೆತ್ತನೆ ಆಹಾರದಲ್ಲಿ ಎಪ್ಪತ್ತೈದಕ್ಕೂ ಮೇಲೆ. ಬರೀ ಡ್ರೈ ಫುಡ್ ತಿಂದು, ದಿನವೆಲ್ಲ ಸೋಫಾದ ಮೇಲೆ ಮಲಗುವ ದಪ್ಪ ಬೆಕ್ಕಿಗೆ ದಾವಣಗೆರೆಯ ಬೇಸಿಗೆಯಲ್ಲಿ ಮಲ ಕಟ್ಟದಿದ್ದರೇ ಆಶ್ಚರ್ಯ. ಪೌಚಿಗೆ ಎರಡು ಚಮಚ ನೀರು ಕಲಸಿ ಕೊಡಿ, ಮನೆಯ ಮೂರ್ನಾಲ್ಕು ಕಡೆ ಅಗಲ ಬಟ್ಟಲಲ್ಲಿ ನೀರಿಡಿ, ಊಟದ ತಟ್ಟೆಯ ಪಕ್ಕದಲ್ಲಿ ಮಾತ್ರವಲ್ಲ. ಬೇಯಿಸಿ ಹಿಸುಕಿದ ಸಿಹಿಗುಂಬಳ ಒಂದು ಚಮಚ ಬೆರೆಸಬಹುದು. ಇಸಬ್‌ಗೋಲ್ ಕೂಡ ಚಿಟಿಕೆಯಷ್ಟು, ಚೆನ್ನಾಗಿ ನೆನೆಸಿ. ಆದರೆ ಮಲ ಕಟ್ಟಿರುವಾಗ ಇವೆರಡೂ ಬೇಡ, ನಾರು ಸೇರಿ ಗಂಟು ಇನ್ನೂ ದೊಡ್ಡದಾಗುತ್ತದೆ. ಟ್ರೇಯನ್ನು ದಿನವೂ ಶುಚಿ ಮಾಡಿ. ಕೊಳಕು ಟ್ರೇ ಕಂಡು ತಡೆದುಕೊಳ್ಳುವ ಬೆಕ್ಕುಗಳು ನೀವು ಎಣಿಸಿದ್ದಕ್ಕಿಂತ ಹೆಚ್ಚು.

ಪ್ರಶ್ನೆ: ನಮ್ಮ ಹೆಣ್ಣು ಬೆಕ್ಕಿಗೆ ಹದಿನಾಲ್ಕು ವರ್ಷ, ಕಿಡ್ನಿ ತೊಂದರೆ ಇದೆ. ತುಂಬಾ ನೀರು ಕುಡಿಯುತ್ತಾಳೆ, ಆದರೂ ಹದಿನೈದು ದಿನಕ್ಕೊಮ್ಮೆ ಮಲ ಕಟ್ಟಿ ಊಟ ಬಿಡುತ್ತಾಳೆ. ಲ್ಯಾಕ್ಟುಲೋಸ್ ಸಿರಪ್ ದಿನವೂ ಕೊಡಿ ಎಂದಿದ್ದಾರೆ. ಅಭ್ಯಾಸವಾಗಿಬಿಡುವುದಿಲ್ಲವೇ?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಇಲ್ಲ, ಮೇಷ್ಟ್ರೇ, ಆ ಭಯ ಬೇಡ. ಲ್ಯಾಕ್ಟುಲೋಸ್ ಕರುಳನ್ನು ಹೊಡೆದೆಬ್ಬಿಸುವ ಮದ್ದಲ್ಲ, ಮಲದಲ್ಲಿ ನೀರು ಉಳಿಯುವಂತೆ ಮಾಡುತ್ತದೆ ಅಷ್ಟೇ. ಹಾಳಾದ ಕಿಡ್ನಿ ನೀರನ್ನು ಹಿಡಿದಿಟ್ಟುಕೊಳ್ಳಲಾರದು. ಅವಳು ಕುಡಿದದ್ದೆಲ್ಲ ಮೂತ್ರವಾಗಿ ಹೋಗುತ್ತದೆ, ದೇಹ ಆ ಕೊರತೆಯನ್ನು ಮಲದಿಂದ ಹೀರಿ ತುಂಬಿಕೊಳ್ಳುತ್ತದೆ. ಪೊಟ್ಯಾಸಿಯಂ ಕಡಿಮೆಯಾದರೆ ಕರುಳಿನ ಸ್ನಾಯುವೂ ಸೋಲುತ್ತದೆ, ಅದನ್ನು ರಕ್ತಪರೀಕ್ಷೆಯಲ್ಲಿ ನೋಡಿಸಿ. ಮಲ ಮೆತ್ತಗೆ, ಆದರೆ ಆಕಾರದಲ್ಲಿ ಬರುವಷ್ಟು ಸಿರಪ್ ಸಾಕು. ಭೇದಿಯಾದರೆ ಅವಳು ಇನ್ನಷ್ಟು ಒಣಗುತ್ತಾಳೆ, ಆಗ ವೈದ್ಯರಿಗೆ ಹೇಳಿ ಪ್ರಮಾಣ ಇಳಿಸಿ. ಚರ್ಮದಡಿ ಸಲೈನ್ ಹಾಕುವುದನ್ನು ಮನೆಯಲ್ಲೇ ಮಾಡಲು ಕಲಿಸುವಂತೆ ವೈದ್ಯರನ್ನು ಕೇಳಿ. ಇಳಿವಯಸ್ಸಿನ ಕಿಡ್ನಿ ಬೆಕ್ಕುಗಳಿಗೆ ಇದರಷ್ಟು ನೆಮ್ಮದಿ ಕೊಡುವ ಚಿಕಿತ್ಸೆ ಕಡಿಮೆ, ಕಲಿಯುವುದೂ ಕಷ್ಟವಲ್ಲ.

ಇನ್ನೊಂದು: ಟ್ರೇ ಹತ್ತುವಾಗ ಅವಳು ತಡವರಿಸುತ್ತಾಳೆಯೇ, ಗಮನಿಸಿ. ಈ ವಯಸ್ಸಿಗೆ ಕೀಲುನೋವು ಇರುತ್ತದೆ. ಎತ್ತರದ ಅಂಚು ದಾಟಲಾಗದೆ, ಕುಕ್ಕರುಗಾಲಲ್ಲಿ ಕೂರಲಾಗದೆ ಬೆಕ್ಕುಗಳು ಮಲ ತಡೆದುಕೊಳ್ಳುತ್ತವೆ. ಟ್ರೇಯ ಒಂದು ಬದಿ ತಗ್ಗಾಗಿ ಕತ್ತರಿಸಿ, ಅವಳು ಮಲಗುವ ಕೋಣೆಯಲ್ಲೇ ಇಡಿ.

ಪ್ರಶ್ನೆ: ಏಳು ತಿಂಗಳ ಮರಿ ಎರಡು ದಿನದಿಂದ ಏನೂ ತಿಂದಿಲ್ಲ, ಕಕ್ಕ ಮಾಡಿಲ್ಲ, ಮತ್ತೆ ಮತ್ತೆ ವಾಂತಿ. ಹಿಂದೆ ಒಂದಿಂಚು ದಾರ ನೇತಾಡುತ್ತಿದೆ. ಎಳೆದು ತೆಗೆದರೆ ಸರಿಹೋಗುತ್ತದೆಯೇ?
— ಕಾಲೇಜು ವಿದ್ಯಾರ್ಥಿನಿ, ಶಿರಸಿ

ಉತ್ತರ: ಎಳೆಯಬೇಡಿ. ಇದನ್ನು ನಿಮ್ಮ ಪತ್ರ ಬಂದ ದಿನವೇ ನಿಮಗೆ ತಿಳಿಸಿದ್ದೆ. ದೇವರ ಮನೆಯ ಹೂಮಾಲೆ, ಮುಡಿದು ತೆಗೆದಿಟ್ಟ ಮಲ್ಲಿಗೆ ದಂಡೆ, ಹೊಲಿಗೆ ದಾರದ ಉಂಡೆ, ಮೀನು ಕಟ್ಟಿ ತಂದ ದಾರ, ಇವನ್ನೆಲ್ಲ ಮರಿಗಳು ಆಡುತ್ತಾ ನುಂಗಿಬಿಡುತ್ತವೆ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಒಳಮುಖವಾಗಿರುವುದರಿಂದ ಬಾಯಿಗೆ ಹೋದ ದಾರವನ್ನು ಉಗುಳುವುದು ಅದಕ್ಕೆ ಬಲು ಕಷ್ಟ. ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡಿರುತ್ತದೆ, ಉಳಿದದ್ದು ಕರುಳಿನುದ್ದಕ್ಕೂ ಇಳಿಯುತ್ತದೆ. ಕರುಳು ಅದನ್ನು ಮುಂದೆ ತಳ್ಳಲು ನೋಡಿ ತಾನೇ ನೆರಿಗೆ ನೆರಿಗೆಯಾಗಿ ಮುದುಡುತ್ತದೆ. ಹೊರಗಿನಿಂದ ಎಳೆದರೆ ಬಿಗಿಯಾದ ದಾರ ಕರುಳಿನ ಗೋಡೆಯನ್ನೇ ಸೀಳಬಹುದು. ಇದು ಮಲಬದ್ಧತೆಯಲ್ಲ, ಎಣ್ಣೆ, ಸಿರಪ್ ಯಾವುದಕ್ಕೂ ಬಗ್ಗುವುದಿಲ್ಲ. ಬಹುಪಾಲು ಆಪರೇಷನ್ನೇ ಬೇಕಾಗುತ್ತದೆ. ಬಾಯಿಗೆ ಏನನ್ನೂ ಹಾಕದೆ, ದಾರವನ್ನು ಮುಟ್ಟದೆ, ಬುಟ್ಟಿಯಲ್ಲಿ ಮಲಗಿಸಿಕೊಂಡು ಹೊರಡಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಸಣ್ಣ ಪ್ರಾಣಿಗಳ ಶಸ್ತ್ರಚಿಕಿತ್ಸೆ ಇಲ್ಲದಿದ್ದರೆ ನಿಮ್ಮ ಕಡೆಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೊರಡುವ ಮೊದಲೇ ಫೋನ್ ಮಾಡಿ, ದಾರ ನುಂಗಿದ ಮರಿ ಎಂದು ಹೇಳಿಡಿ.