ವಾಸುಕಿ ಬಾಯಿ ಎಷ್ಟು ತೆರೆದೀತು?

ಪ್ರಶ್ನೆ: ಕಚ್ಛ್‌ನಲ್ಲಿ ಸಿಕ್ಕಿದ ಪುರಾತನ ಹಾವು ‘ವಾಸುಕಿ ಇಂಡಿಕಸ್’ನ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿದೆ. ಹುರುಪೆ, ಕಣ್ಣು, ತೆರೆದ ಬಾಯಿ ಎಲ್ಲ ಇವೆ. ಸಿಕ್ಕಿದ್ದು ಬರೀ ಬೆನ್ನುಮೂಳೆ ಅಂತಾರೆ. ಉಳಿದದ್ದನ್ನು ಕಂಪ್ಯೂಟರಿನಲ್ಲಿ ಹೇಗೆ ರೂಪಿಸುತ್ತಾರೆ?
– ಓದುಗರು, ಸುಬ್ರಹ್ಮಣ್ಯ, ಕಡಬ ತಾಲೂಕು

ಉತ್ತರ: ಗರುಡನಿಗೆ ಹೆದರಿ ವಾಸುಕಿ ಅಡಗಿದ್ದನೆಂದು ಹೇಳುವ ಬಿಲದ್ವಾರ ನಿಮ್ಮೂರಲ್ಲೇ ಇದೆ. ಈ ಪ್ರಶ್ನೆ ಅಲ್ಲಿಂದಲೇ ಬಂದದ್ದು ನನಗೆ ಖುಷಿ. ಹಾವಿಗೆ ಆ ಹೆಸರಿಟ್ಟವರು ರೂರ್ಕಿ ಐಐಟಿಯ ದೇಬಜಿತ್ ದತ್ತ ಮತ್ತು ಸುನಿಲ್ ಬಾಜಪೇಯಿ, 2024ರಲ್ಲಿ. ಪಾನಂಧ್ರೊ ಲಿಗ್ನೈಟ್ ಗಣಿಯಲ್ಲಿ ದೊರೆತದ್ದು ಸುಮಾರು 4.7 ಕೋಟಿ ವರ್ಷ ಹಳೆಯ 27 ಬೆನ್ನುಮಣಿಗಳು. ಅತಿ ದೊಡ್ಡ ಮಣಿಯ ಅಗಲ 11 ಸೆಂಟಿಮೀಟರ್. ಅದರ ಮೇಲಿಂದ ಹಾವು 11ರಿಂದ 15 ಮೀಟರ್ ಉದ್ದ ಇದ್ದೀತೆಂದು ಲೆಕ್ಕ ಹಾಕಿದರು. ತಲೆಬುರುಡೆ ಸಿಕ್ಕಿಲ್ಲ.

ಕಲಾವಿದ ಶುರು ಮಾಡುವುದು ಈ ಮಣಿಗಳಿಂದಲೇ. ಝೀಬ್ರಶ್ ತಂತ್ರಾಂಶದಲ್ಲೋ ಪುಕ್ಕಟೆ ಸಿಗುವ ಬ್ಲೆಂಡರ್‌ನಲ್ಲೋ ಮೊದಲು ಮಣಿಗಳ ಸರ, ಆಮೇಲೆ ಪಕ್ಕೆಲುಬುಗಳ ಜೋಡಿ, ಅದರ ಮೇಲೆ ಬೆನ್ನುದ್ದಕ್ಕೂ ಹರಿಯುವ ಸ್ನಾಯು. ಮಣಿಗಳು ಅಗಲವಾಗಿರುವುದರಿಂದ ಮೈ ದಪ್ಪಗೆ, ಉರುಟಾಗಿ ಬರುತ್ತದೆ. ಚರ್ಮದ ಸರದಿ ಕೊನೆಯದು. ಹೊಸಬರು ಅವಸರದಲ್ಲಿ ಒಂದೇ ಹುರುಪೆಯ ಅಚ್ಚನ್ನು ಮೈತುಂಬ ಒತ್ತಿಬಿಡುತ್ತಾರೆ. ಆಗ ಹಾವು ಟಯರಿನಂತೆ ಕಾಣುತ್ತದೆ.

ಇಲ್ಲಿ ನಿಮ್ಮ ಕಡೆಯವರಿಗೊಂದು ಅನುಕೂಲವಿದೆ. ಪುತ್ತೂರು, ಸುಳ್ಯದ ತೋಟಗಳಲ್ಲಿ ಪೆರ್ಮರಿ (ಹೆಬ್ಬಾವು) ಕಾಣಸಿಕ್ಕಾಗ ದೂರ ನಿಂತು ಗಮನಿಸಿ. ಬೆನ್ನಿನ ಹುರುಪೆ ಸಣ್ಣದು, ಹೊಟ್ಟೆಯಡಿಯದು ಅಗಲ ಪಟ್ಟಿ. ಮೈ ಬಾಗಿದ ಒಳಮಗ್ಗುಲಲ್ಲಿ ಹುರುಪೆಗಳು ಒತ್ತಾಗುತ್ತವೆ. ಹೊರಮಗ್ಗುಲಲ್ಲಿ ಬಿಡಿಸಿಕೊಂಡು ನಡುವಿನ ತೆಳು ಚರ್ಮ ಕಾಣುತ್ತದೆ. ನೆಲಕ್ಕೆ ತಾಗಿದಲ್ಲಿ ಮೈ ತನ್ನ ಭಾರಕ್ಕೇ ತುಸು ಚಪ್ಪಟೆಯಾಗುತ್ತದೆ. ಎಷ್ಟೇ ವಿವರ ತುಂಬಿದರೂ ಈ ಚಪ್ಪಟೆ ತಪ್ಪಿದರೆ ಹಾವು ಗಾಳಿಯಲ್ಲಿ ತೇಲಿದಂತಿರುತ್ತದೆ.

ಆದರೆ ಪೆರ್ಮರಿಯ ತಲೆಯನ್ನು ಹಾಗೆಯೇ ತಂದು ಅಂಟಿಸಬಾರದು. ಅದರ ತುಟಿಯಂಚಿನಲ್ಲಿ ಬಿಸಿ ಗ್ರಹಿಸುವ ಕುಳಿಗಳಿವೆ. ವಾಸುಕಿಗೂ ಅವು ಇದ್ದವೆನ್ನಲು ಆಧಾರವಿಲ್ಲ. ವಾಸುಕಿಯದು ಈಗ ಪೂರ್ತಿ ಅಳಿದುಹೋದ ಮಾಡ್‌ಟ್ಸೊಯಿಡೆ ಎಂಬ ಬೇರೆಯೇ ಬಳಗ. ತಲೆಗೆ ಮಾದರಿ ಬೇಕಾದರೆ ಅದೇ ಬಳಗಕ್ಕೆ ಸೇರಿಸುವ ‘ಸನಾಜೆ ಇಂಡಿಕಸ್’ ಇದೆ. ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಡೈನೊಸಾರ್ ಗೂಡಿನೊಳಗೆ, ಮೊಟ್ಟೆಯೊಂದರ ಸುತ್ತ ಸುರುಳಿಯಾಗಿ ಕಲ್ಲಾದ ಮೂರೂವರೆ ಮೀಟರಿನ ಹಾವದು. 2010ರಲ್ಲಿ ಅದರ ವಿವರಣೆ ಪ್ರಕಟವಾಯಿತು. ಅದರ ಬುರುಡೆ ಉಳಿದಿದೆ. ಇಂದಿನ ಹೆಬ್ಬಾವಿನಷ್ಟು ಅಗಲ ಬಾಯಿ ತೆರೆಯಲು ಅದಕ್ಕೆ ಆಗುತ್ತಿರಲಿಲ್ಲ.

ಹಾಗಾಗಿ ನೀವು ನೋಡಿದ ಚಿತ್ರಗಳಲ್ಲಿ ನಾನು ಎಲ್ಲಕ್ಕಿಂತ ಕಡಿಮೆ ನಂಬುವುದು ಆ ತೆರೆದ ಬಾಯನ್ನು. ಬಣ್ಣ, ಮೈಮೇಲಿನ ಮಚ್ಚೆಗಳು ಪೂರ್ತಿ ಕಲಾವಿದನ ಊಹೆ. ನೀವೇ ಬ್ಲೆಂಡರ್‌ನಲ್ಲಿ ಕೈ ಹಾಕುವುದಾದರೆ ಬಾಯಿ ಮುಚ್ಚಿರಲಿ, ಮೈ ಸುರುಳಿ ಸುತ್ತಿ ನೆಲಕ್ಕೆ ಒರಗಿರಲಿ. ವಾಸುಕಿ ನಿಧಾನವಾಗಿ ಚಲಿಸುತ್ತ, ಹೊಂಚು ಹಾಕಿ ಬೇಟೆಯಾಡುತ್ತಿದ್ದಿರಬೇಕೆಂದು ಮಣಿಗಳನ್ನು ಅಳೆದವರೇ ಹೇಳಿದ್ದಾರೆ.