ಕನ್ಹೇರಿ ಏರುವ ಮುನ್ನ

ಲಡಾಖಿಗೆ ಸೈಕಲ್ ಒಯ್ಯುವ ಹುಮ್ಮಸ್ಸೇ? ಮೊದಲು ಗೆಳೆಯರೊಂದಿಗೆ ಮುಂಬೈನ ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಕನ್ಹೇರಿ ಗುಹೆಗಳ ತನಕ ತುಳಿದು ನೋಡಿ, ಮಾರಾಯ್ರೆ. ಸೋಮವಾರ ಬೇಡ, ರಜೆ. ಗೇಟಿನಿಂದ ಸುಮಾರು 6 ಕಿಲೋಮೀಟರ್. ಕೊನೆಯ ಏರು ಏದುಸಿರು ಬರಿಸುತ್ತದೆ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ನಡುವೆ ಇಳಿಸಹೊರಟರೆ ಚೈನು ಕಟಕಟ ಅಂದು ಕಳಚಿಕೊಂಡೀತು. ನಿಧಾನದವರು ಮುಂದೆ, ಪಂಪು-ಪಂಕ್ಚರ್ ಸಾಮಾನು ಇರುವವರು ಹಿಂದೆ. ನಿಜವಾದ ಅಪಾಯ ಇಳಿಜಾರಿನಲ್ಲಿ: ಮಳೆಗಾಲದಲ್ಲಿ ರಸ್ತೆಯಂಚಿಗೆ ಪಾಚಿ ಕಟ್ಟಿರುತ್ತದೆ. ತಿರುವಿಗೆ ಮುಂಚೆಯೇ ಎರಡೂ ಬ್ರೇಕನ್ನು ಮೆಲ್ಲಗೆ ಹಿಡಿಯಿರಿ. ಮುಂದಿನದನ್ನೇ ಗಬಕ್ಕನೆ ಒತ್ತಿದಿರೋ, ಮುಗ್ಗರಿಸಿದಿರಿ. ಬಾಳೆಹಣ್ಣು ಚೀಲದೊಳಗಿರಲಿ, ಗುಹೆಯ ಬಳಿ ಮಂಗಗಳಿವೆ. ಚಿರತೆಗಳ ಕಾಡಿದು, ಡಾಂಬರು ಬಿಟ್ಟು ಒಳದಾರಿ ಹಿಡಿಯಬೇಡಿ, ಸಂಜೆಗೆ ಮುಂಚೆ ಗೇಟು ದಾಟಿ.