ಮರ ಸವರುವ ಕಸುಬಿಗೆ ಜಾಗ: ಬಾಡಿಗೆಗೆ ಹಿಡಿಯೋಣವೋ, ಖರೀದಿಸೋಣವೋ?

ಹೊಸರಿತ್ತಿಯಲ್ಲಿ ಕೂತು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ತನಕ ಮರ ಸವರುವ ಕೆಲಸ ಹಿಡಿಯಬೇಕು ಅಂತೀರಾ? ಶುರುವಿಗೆ ಮನೆಯ ಹಿತ್ತಲೇ ಸಾಕಾಗುತ್ತದೆ. ಚೈನ್‌ಸಾ, ಪೋಲ್‌ಸಾ, ಹಗ್ಗ, ಹಾರ್ನೆಸ್, ಏಣಿ ಒಂದೊಂದೇ ಬಂದು, ಕಡಿದ ದಿಮ್ಮಿ, ಟೊಂಗೆಗಳ ರಾಶಿಯೂ ಬೆಳೆದಾಗ ಹಿತ್ತಲು ಸಾಲುವುದಿಲ್ಲ. ಆಗ ಮನೆಯವರೇ ಕೇಳುತ್ತಾರೆ: ಜಾಗ ಬಾಡಿಗೆಗೆ ಹಿಡೀತೀಯೋ, ಕೊಳ್ತೀಯೋ? ಭಯಪಡಬೇಡಿ, ಒಂದೊಂದೇ ಹೆಜ್ಜೆ ಇಡೋಣ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ಹೊಸಬರು ಒಂದು ಪೂರ್ತಿ ಮಳೆಗಾಲ ಬಾಡಿಗೆ ಜಾಗದಲ್ಲೇ ಕಳೆಯಬೇಕು.

1. ಸಾಮಾನಿನ ಪಟ್ಟಿ ಬರೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆಯಿರಿ: ಬೀಗದೊಳಗೆ ಇಡುವುದು, ನೆರಳಲ್ಲಿ ಇಡುವುದು, ಬಯಲಲ್ಲಿ ಬಿಡುವುದು. ಚೈನ್‌ಸಾ ಬೀಗದೊಳಗೆ. ಹಗ್ಗ, ಹಾರ್ನೆಸ್ ನೆರಳಲ್ಲಿ. ಬಿಸಿಲಿಗೆ ನೈಲಾನ್ ಬಲ ಕಳೆದುಕೊಳ್ಳುತ್ತದೆ, ನಿಮ್ಮ ಜೀವ ಅದಕ್ಕೇ ಜೋತುಬಿದ್ದಿರುತ್ತದೆ. ದಿಮ್ಮಿ, ಟೊಂಗೆ ಬಯಲಲ್ಲಿ.
ಎಚ್ಚರ: ಲೈಸೆನ್ಸ್ ಇಲ್ಲದೆ 30 ಲೀಟರಿಗಿಂತ ಹೆಚ್ಚು ಪೆಟ್ರೋಲ್ ಇಡುವಂತಿಲ್ಲ. ಇಟ್ಟಷ್ಟನ್ನೂ ಒಣ ಕಟ್ಟಿಗೆಯಿಂದ ದೂರ ಇಡಿ.

2. ಎಷ್ಟು ಜಾಗ ಬೇಕು, ಅಳೆಯಿರಿ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ಕಾಗದದ ಮೇಲೆ ಲೆಕ್ಕ ಹಾಕಿ ನಿಲ್ಲಬೇಡಿ. ಬಯಲಿನಲ್ಲಿ ಹಗ್ಗ ಹಾಸಿ ಗುರುತು ಮಾಡಿ, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಅದರೊಳಗೆ ತಿರುಗಿಸಿ ನೋಡಿ. ಹೊಸಬರು ಸಾಮಾನಿಗೆ ಜಾಗ ಲೆಕ್ಕ ಹಾಕುತ್ತಾರೆ, ಟ್ರೇಲರ್ ಹೊರಳುವ ಜಾಗ ಮರೆಯುತ್ತಾರೆ.

3. ಕೆಲಸ ಎಲ್ಲಿಂದ ಬರುತ್ತದೆ, ಗುರುತು ಹಾಕಿ. ಮೂರು ತಿಂಗಳು ಪ್ರತಿ ಕೆಲಸದ ಊರು ಮತ್ತು ಡೀಸೆಲ್ ಖರ್ಚು ಬರೆದಿಡಿ. ಹೊಸರಿತ್ತಿಯಲ್ಲಿ ಜಾಗ ಅಗ್ಗಕ್ಕೆ ಸಿಕ್ಕರೂ ಗಿರಾಕಿಗಳೆಲ್ಲ ರಾಣೆಬೆನ್ನೂರಿನವರೇ ಆಗಿದ್ದರೆ ಉಳಿದ ದುಡ್ಡು ಡೀಸೆಲ್‌ಗೆ ಹೋಗುತ್ತದೆ.

4. ಮಣ್ಣು ನೋಡಿ. ಈ ಹೆಜ್ಜೆಗೆ ಹೆಚ್ಚು ಹೊತ್ತು ಕೊಡಿ. ನಮ್ಮ ಕಡೆ ಎರೆ ಭೂಮಿ ಬೇಸಿಗೆಯಲ್ಲಿ ಕಲ್ಲಿನ ಹಾಗೆ ಇರುತ್ತದೆ, ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಎರಡು ದೊಡ್ಡ ಮಳೆ ಬಿದ್ದರೆ ಸಾಕು, ಅದೇ ನೆಲದಲ್ಲಿ ತುಂಬಿದ ಟ್ರೇಲರಿನ ಗಾಲಿ ಅರ್ಧಕ್ಕೆ ಹೂತುಹೋಗುತ್ತದೆ. ಏಪ್ರಿಲ್‌ನಲ್ಲಿ ಜಾಗ ನೋಡಿ ಒಪ್ಪಿಕೊಂಡವರು ಜುಲೈನಲ್ಲಿ ದಿಮ್ಮಿಗಳನ್ನು ರಸ್ತೆ ಬದಿಗೇ ಇಳಿಸಬೇಕಾಗುತ್ತದೆ. ಮಸಾರಿ ನೆಲ ಸಿಕ್ಕರೆ ಒಳ್ಳೆಯದು. ಎರೆಯೇ ಆದರೆ ಗರಸು ಹಾಕಿಸುವ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿ. ಊರ ಅಂಚಿನಲ್ಲಿ ಒಕ್ಕಣೆ ಮಾಡದೆ ಬಿಟ್ಟ ಹಳೆಯ ಕಣ ಇದ್ದರೆ ಹೋಗಿ ವಿಚಾರಿಸಿ. ವರ್ಷಗಟ್ಟಲೆ ತುಳಿದು ಗಟ್ಟಿಯಾದ ನೆಲ ಅದು, ಬಂಡಿ ದಾರಿಯೂ ಇರುತ್ತದೆ.
ಎಚ್ಚರ: ಹೊಸರಿತ್ತಿ ವರದಾ ದಂಡೆಯ ಊರು. 2019ರ ಆಗಸ್ಟ್‌ನಲ್ಲಿ ವರದೆ ಉಕ್ಕಿ ಬಂದಾಗ ನೀರು ಎಲ್ಲಿಯ ತನಕ ಬಂದಿತ್ತು ಎಂದು ಅಕ್ಕಪಕ್ಕದ ಹಿರಿಯರನ್ನು ಕೇಳಿ. ದಿಮ್ಮಿ ತೇಲಿ ಹೋಗುವ ಸಾಮಾನು.

5. ಕಾಗದ ಕೇಳಿ. ಗಾಂವಠಾಣದ ಖುಲ್ಲಾ ಜಾಗವಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ಉತಾರ ಕೇಳಿ. ಹೊಲವಾದರೆ ಪಹಣಿ ನೋಡಿ, ನೋಂದಣಿ ಇಲಾಖೆಯ ಕಾವೇರಿ 2.0ರಲ್ಲಿ ಋಣಭಾರ ಪತ್ರ ತೆಗೆಸಿ. ಪಹಣಿಯಲ್ಲಿ ಅಣ್ಣ-ತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಎಲ್ಲರ ಸಹಿ ಬೇಕು.
ಎಚ್ಚರ: 2020ರ ಭೂಸುಧಾರಣೆ ತಿದ್ದುಪಡಿಯ ನಂತರ ರೈತರಲ್ಲದವರೂ ಹೊಲ ಕೊಳ್ಳಬಹುದು, ನಿಜ. ಆದರೆ ಕೊಂಡ ಹೊಲವನ್ನು ಯಾರ್ಡ್ ಮಾಡಲು ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಎನ್‌ಎ (ಕೃಷಿಯೇತರ ಪರಿವರ್ತನೆ) ಆಗಲೇಬೇಕು. ಸರ್ವೆ ನಂಬರಿನಲ್ಲಿ ಒಂದು ತುಂಡು ಮಾತ್ರ ಕೊಳ್ಳುವುದಾದರೆ ಆ ತುಂಡನ್ನು ಅಳೆದು ಕೊಡುವ 11ಇ ನಕ್ಷೆಯೂ ಬೇಕು.

6. ಎರಡೂ ಲೆಕ್ಕ ಪಕ್ಕಪಕ್ಕ ಹಾಕಿ. ಲೆಕ್ಕ ಕಲಿಯಲು ಒಂದು ಅಂಕಿ ಹಿಡಿಯೋಣ. ಇದು ಊರಿನ ದರವಲ್ಲ. 5 ಗುಂಟೆಗೆ ತಿಂಗಳ ಬಾಡಿಗೆ 3,000 ರೂಪಾಯಿ ಆದರೆ ವರ್ಷಕ್ಕೆ 36,000. ಅದೇ ಜಾಗದ ಬೆಲೆ 6 ಲಕ್ಷ ಅನ್ನಿ. ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಮತ್ತು 2025ರ ಆಗಸ್ಟ್ ಕೊನೆಗೆ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ಹಳ್ಳಿಯಲ್ಲಿ ಶೇ 7.65, ಅಂದರೆ 45,900 ರೂಪಾಯಿ ಕೈಬಿಟ್ಟು ಹೋಗುತ್ತದೆ. ಪೂರ್ತಿ 6 ಲಕ್ಷ ಸಾಲ ಮಾಡಿದರೆ ಶೇ 10ರಂತೆ ಮೊದಲ ವರ್ಷದ ಬಡ್ಡಿಯೇ ಸುಮಾರು 60,000. ಬೇಲಿ, ಗರಸು, ಶೆಡ್ ಬೇರೆ. ಜಾಗದ ಬೆಲೆ ಮುಂದೆ ಏರಬಹುದು, ಆದರೆ ಈ ವರ್ಷ ಗಿರಾಕಿಯನ್ನು ತರುವುದು ಚೈನ್‌ಸಾ.

ಸ್ವಂತ ಉದ್ಯೋಗಕ್ಕೆ ಕೇಂದ್ರ ಸರ್ಕಾರದ ಯೋಜನೆಯಾದ ಪಿಎಂಇಜಿಪಿ ಸಾಲದ ನಿಯಮವೂ ಬಾಡಿಗೆಯ ಕಡೆಗೇ ಇದೆ: ಯೋಜನಾ ವೆಚ್ಚದಲ್ಲಿ ಭೂಮಿಯ ಬೆಲೆ ಸೇರಿಸುವಂತಿಲ್ಲ, ವರ್ಕ್‌ಶೆಡ್ಡಿನ ಬಾಡಿಗೆಯನ್ನು 3 ವರ್ಷದ ತನಕ ಸೇರಿಸಬಹುದು. ಬಾಡಿಗೆಗೆ ಹಿಡಿಯುವುದು ನಮ್ಮ ಕಡೆ ಹೊಸದೂ ಅಲ್ಲ, ಬ್ಯಾಡಗಿಯ ಮೆಣಸಿನಕಾಯಿ ನೋಡಿ. ದರ ಕಾಯುವ ರೈತರು ಕೋಲ್ಡ್ ಸ್ಟೋರೇಜ್ ಕಟ್ಟಿಸಲು ಹೋಗುವುದಿಲ್ಲ, ಚೀಲಕ್ಕೆ ಇಷ್ಟು ಅಂತ ಬಾಡಿಗೆ ಕೊಟ್ಟು ಇಡುತ್ತಾರೆ.

7. ಕರಾರುಪತ್ರ ಮಾಡಿಸಿ. ಪರಿಚಯದವರಾದರೆ, “ನಮ್ಮ ನಿಮ್ಮ ನಡುವ ಕಾಗದ ಯಾಕ್ರೀ, ಇಟಗೋರಿ ಸಾಮಾನ” ಅನ್ನುತ್ತಾರೆ. “ನಿಮ್ಮ ಮ್ಯಾಲೆ ನಂಬಿಕಿ ಐತ್ರೀ ಕಾಕಾ, ನಾಳೆ ನಿಮ್ಮ ಮಕ್ಕಳು ಕೇಳಿದ್ರ ತೋರಿಸಾಕ ಬೇಕು” ಅಂತ ನಯವಾಗಿ ಹೇಳಿ, ಬರೆಸಿಯೇ ಬರೆಸಿ. 11 ತಿಂಗಳ ಕರಾರು ರೂಢಿ. ಒಂದು ವರ್ಷ ಮೀರಿದ ಲೀಸ್ ಆದರೆ ನೋಂದಣಿ ಕಡ್ಡಾಯ. ಡಿಪಾಜಿಟ್, ಬಿಡುವ ಮುಂಚಿನ ನೋಟಿಸು ಅವಧಿ, ನೀವು ಹಾಕಿಸಿದ ಗರಸು ಮತ್ತು ತಗಡಿನ ಶೆಡ್ ಯಾರಿಗೆ ಸೇರುತ್ತದೆ ಎನ್ನುವ ಮಾತು ಅದರಲ್ಲಿ ಇರಲಿ. ಮಾರುವುದಾದರೆ ಮೊದಲು ನಿಮ್ಮನ್ನೇ ಕೇಳಬೇಕು ಎಂಬ ಸಾಲನ್ನೂ ಸೇರಿಸಿ.

8. ಕಟ್ಟಿಗೆಯ ದಾಖಲೆ ಇಡಿ. ಯಾರ್ಡಿಗೆ ಬಂದ ಪ್ರತಿ ಲೋಡಿಗೆ ಮಾಲೀಕರ ಹೆಸರು, ಮರದ ಜಾತಿ, ತಾರೀಖು ಬರೆಯಿರಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ನೀಲಗಿರಿ, ಸರ್ವೆ, ಸುಬಾಬುಲ್, ತೆಂಗಿಗೆ ವಿನಾಯಿತಿ ಇದೆ. ಬೇವು, ಹುಣಸೆಯಂಥ ಮರ ಕಡಿಯುವ ಮುಂಚೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಅದರ ಪ್ರತಿ ಯಾರ್ಡಿನಲ್ಲೇ ಇರಲಿ. ಸಾಗಿಸುವ ಮುನ್ನ ಪಾಸು ಬೇಕೋ ಬೇಡವೋ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ. ಶ್ರೀಗಂಧದ ಒಂದು ತುಂಡೂ ನಿಮ್ಮ ಜಾಗಕ್ಕೆ ಬರಬಾರದು.

9. ಕೊಳ್ಳುವ ಹೊತ್ತು ಗುರುತಿಸಿ. ಒಂದು ಮಳೆಗಾಲ ಆ ನೆಲದಲ್ಲಿ ಟ್ರೇಲರ್ ಓಡಿಸಿದ್ದೀರಿ, ವರ್ಷವಿಡೀ ಕೆಲಸ ಬರುತ್ತಿದೆ, ಬೆಲೆಯ ಅರ್ಧದಷ್ಟಾದರೂ ಕೈಯಲ್ಲಿದೆ, ಎನ್‌ಎ ಆಗಿದೆ. ಈ ನಾಲ್ಕೂ ಕೂಡಿದಾಗ ಧೈರ್ಯವಾಗಿ ಕೊಳ್ಳಿ. ಒಂದು ಕಡಿಮೆ ಇದ್ದರೂ ಕರಾರನ್ನು ಇನ್ನೊಂದು 11 ತಿಂಗಳಿಗೆ ಮುಂದುವರಿಸಿ. ಮಾಲೀಕರು ಎಷ್ಟೇ ಅವಸರ ಮಾಡಲಿ, ಉತಾರ ಮತ್ತು ಋಣಭಾರ ಪತ್ರ ವಕೀಲರ ಕೈಗೆ ಹೋಗಿ ಬರುವ ತನಕ ಮುಂಗಡ ಕೊಡಬೇಡಿ.